ಸೈನ್ಯದ ಗೇಟಿನಲ್ಲಿ ಗಂಡಿನ ಕಡೆಯವರು

ನಮ್ಮ ಇಂಚರಳಿಗೆ ಕ್ಯಾಮೆರಾ ಕೆಲಸ ಸಿಕ್ಕಿತು! ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಹೊರಡುವುದಿಲ್ಲ. ಇಂಚರ ಎಂದರೆ ನನ್ನ ಮಗಳ ಮಗಳು. ಸಿಡ್ನಿಯಲ್ಲಿ, ನಾರ್ತ್ ಸಿಡ್ನಿಯ ಒಂದು ಗಾಜಿನ ಕಟ್ಟಡದಲ್ಲಿ ಸುದ್ದಿಯ ಕಂಪನಿ. ಅಲ್ಲಿ ವಿಡಿಯೋ ತೆಗೆಯುವವರಲ್ಲಿ ಎಲ್ಲರಿಗಿಂತ ಕಿರಿಯವಳು ಇವಳೇ. ಬರುವ ಸೋಮವಾರ ಸೇರುತ್ತಾಳೆ. ಇಲ್ಲಿ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಬೀದಿಯ ಎರಡೂ ಬದಿಯ ಮನೆಗಳಿಗೆ ನಾನೇ ಕೋಲೂರಿಕೊಂಡು ಹೋಗಿ ಪೇಢೆ ಹಂಚಿ ಬಂದೆ. ಎದುರು ಮನೆಯ ಬಿಳಿ ಮುದುಕ, "ಮನೆಯಲ್ಲಿ ಮದುವೆಯೇ?" ಎಂದು ಕೇಳಿದ. "ಅದಕ್ಕಿಂತ ದೊಡ್ಡದು" ಎಂದೆ.

ನಾನು ಓದಿದ್ದು ಏಳನೆಯ ಇಯತ್ತೆ. ಅದೂ ಪಾಸಾಗಲಿಲ್ಲ. ಬರೆಯುವುದು ನನ್ನ ಕೆಲಸವಲ್ಲ, ತೋರಿಸುವುದು ನನ್ನ ಕೆಲಸ. ಮೂವತ್ತೆಂಟು ವರ್ಷ ಮದುವೆ, ಮುಂಜಿವೆ, ತೊಟ್ಟಿಲು, ಸೀಮಂತ ಎಲ್ಲದರ ವಿಡಿಯೋ ತೆಗೆದೆ. ಮೊದಲು ಹುಬ್ಬಳ್ಳಿ, ಆಮೇಲೆ ಸಿಡ್ನಿ, ಕೊನೆಗೆ ಮೆಲ್ಬರ್ನ್. ಮೊಣಕಾಲು ಕೈಕೊಟ್ಟ ಮೇಲೆ ನಿಲ್ಲಿಸಿದೆ. ಮೊನ್ನೆ ಇಂಚರ ನನ್ನ ಪಕ್ಕದಲ್ಲಿ ಕುಳಿತು, "ಅಜ್ಜಾ, ಎನಿ ಟಿಪ್ಸ್?" ಎಂದು ಕೇಳಿದಳು. ನಾನು "ಲೆನ್ಸು ಒರಸ್ಕೋ" ಎಂದಷ್ಟೇ ಹೇಳಿದೆ. ಮೂವತ್ತೆಂಟು ವರ್ಷದಲ್ಲಿ ಇವನು ಕಲಿತದ್ದು ಇಷ್ಟೇ ಏನು ಎಂದುಕೊಂಡಿರಬೇಕು ಹುಡುಗಿ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಅವರಮ್ಮ ಓದಿ ಹೇಳುತ್ತಾಳೆ. ಕ್ಯಾಮೆರಾ ಹಿಡಿಯಲು ಹೊರಟಿರುವ ಬೇರೆ ಮಕ್ಕಳೂ ಕೇಳಿಸಿಕೊಳ್ಳಲಿ.

ನನಗೆ ವಿದ್ಯೆ ಕೊಟ್ಟವರು ಹುಬ್ಬಳ್ಳಿಯ ಹಬೀಬ್ ಉಸ್ತಾದರು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವರ ಸ್ಟುಡಿಯೋ. ಆಗಿನ ವಿಡಿಯೋ ಕ್ಯಾಮೆರಾ ಎಂದರೆ ಹೆಗಲ ಮೇಲೆ ಒಂದು ಕರುವನ್ನು ಹೊತ್ತಂತೆ. ಮೂರು ತಿಂಗಳು ಅವರು ನನಗೆ ಕ್ಯಾಸೆಟ್ಟನ್ನೇ ಕೊಡಲಿಲ್ಲ. ಖಾಲಿ ಕ್ಯಾಮೆರಾ ಹೊತ್ತು ಮದುವೆಯಲ್ಲಿ ತಿರುಗು, ಕಣ್ಣಿನಿಂದ ತೆಗೆ, ಸಂಜೆ ಬಂದು ಏನೇನು ಕಂಡೆ ಎಂದು ಹೇಳು. ಇದೇ ಪಾಠ.

ನಾನು ಪ್ರತಿ ಸಂಜೆಯೂ ಗಂಡು ಹೀಗೆ ನಿಂತಿದ್ದ, ಹೆಣ್ಣು ಹಾಗೆ ನಕ್ಕಳು ಎಂದೇ ಹೇಳುತ್ತಿದ್ದೆ. ಒಂದು ದಿನ ಅವರಿಗೆ ಸಿಟ್ಟು ಬಂತು.

"ಏ ಶಿವ್ಯಾ, ಗಂಡಾ ಹೆಂಡತಿ ಇನ್ನ ಮ್ಯಾಲೆ ದಿನಾ ಒಬ್ಬರ ಮಾರಿ ಒಬ್ಬರು ನೋಡ್ತಾರೋ. ನೋಡಿ ನೋಡಿ ಬ್ಯಾಸರಾಗ್ತಾರ. ಮದುವಿ ಅಂದ್ರ ಹಿಂದ ಕುಂತಾವ್ರು. ಅವರನ್ನ ಮತ್ತ ನೋಡೂದು ಐತೋ ಇಲ್ಲೋ, ಯಾರಿಗೆ ಗೊತ್ತು? ಒಂದು ಮಾರಿ ಬಿಟ್ಟಿ ಅಂದ್ರ ನನ್ನ ಅಂಗಡಿ ಕಟ್ಟಿ ಹತ್ತಬ್ಯಾಡ."

ಅವರದು ಎರಡೇ ಕಟ್ಟಳೆ. ಒಂದು, ಯಾವ ಮುಖವನ್ನೂ ಬಿಡಬಾರದು. ಎರಡು, ಹೆಣ್ಣಿನ ಕಡೆಯವರನ್ನು ಎಷ್ಟು ಹೊತ್ತು ತೆಗೆಯುತ್ತೀಯೋ ಗಂಡಿನ ಕಡೆಯವರನ್ನೂ ಅಷ್ಟೇ ಹೊತ್ತು ತೆಗೆಯಬೇಕು. ಹೆಣ್ಣಿನ ಕಡೆ ಎಡದಿಂದ ಬಲಕ್ಕೆ ನಿಧಾನ, ಮುಖ ಮುಖವೂ ಕಾಣುವಂತೆ. ಆಮೇಲೆ ಕ್ಯಾಮೆರಾ ನಿಲ್ಲಿಸದೆ ಹಿಮ್ಮಡಿಯ ಮೇಲೆ ತಿರುಗಿ ಗಂಡಿನ ಕಡೆ. ಜನ, ಮಂಟಪ, ಬಾಗಿಲು, ಹೊರಗೆ ನಿಂತ ಕಾರು, ಕಾರಿನ ನಂಬರು, ಎಲ್ಲ. ಇದರಲ್ಲಿ ಹೆಚ್ಚುಕಡಿಮೆಯಾಗಿ ಬೀಗರು ಬೀಗರು ಜಗಳವಾಡಿದ್ದನ್ನು ನಾನೇ ನೋಡಿದ್ದೇನೆ. ಈ ಎರಡು ಕಟ್ಟಳೆ ನನ್ನ ಕೈಯಲ್ಲಿ ಎಷ್ಟು ಕುಳಿತುಬಿಟ್ಟವೆಂದರೆ ಮುಂದೆ ತಲೆ ಬೇಡವೆಂದರೂ ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಅದರ ಫಲ ಏನಾಯಿತೆಂದು ಹೇಳುತ್ತೇನೆ.

ಅದಕ್ಕೆ ಮೊದಲು ನನ್ನ ದೊಡ್ಡ ತಪ್ಪನ್ನು ಹೇಳಬೇಕು. ಹೇಳದೆ ಬಿಟ್ಟರೆ ಉಳಿದದ್ದು ತಿಳಿಯುವುದಿಲ್ಲ.

ಸೀಸನ್ನಿನ ಭರದಲ್ಲಿ ಒಮ್ಮೆ ಹೊಸ ಕ್ಯಾಸೆಟ್ಟು ಮುಗಿದಿದ್ದವು. ಒಂದು ಮದುವೆಯ ಕ್ಯಾಸೆಟ್ಟು ಕಪಾಟಿನಲ್ಲಿತ್ತು. ಅದನ್ನು ಆಗಲೇ ಕಾಪಿ ಮಾಡಿದ್ದಾರೆಂದು ತಿಳಿದು, ಕೊನೆಯ ಇಪ್ಪತ್ತು ನಿಮಿಷದ ಮೇಲೆ ಒಂದು ತೊಟ್ಟಿಲ ಕಾರ್ಯಕ್ರಮ ತೆಗೆದುಬಿಟ್ಟೆ. ಹತ್ತು ದಿನ ಕಳೆದಿರಬೇಕು. ಆ ಮದುಮಗಳು ಅಣ್ಣನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಮದುವೆಯಾದ ವಾರದಲ್ಲೇ ಅವಳ ಅಪ್ಪ ತೀರಿಕೊಂಡಿದ್ದರಂತೆ.

"ನನ್ನ ಗಂಡನ ಮನಿಗೆ ಕಳಸೂವಾಗ ಅಪ್ಪ ಅತ್ತರಲ್ರೀ, ಅದು ನಿಮ್ಮ ಕ್ಯಾಮೆರಾದಾಗ ಐತಿ. ಅದೊಂದು ತೋರಸ್ರಿ ಸಾಕು" ಎಂದಳು.

ಹಾಕಿದೆ. ಅಕ್ಷತೆ ಆಯಿತು, ಊಟ ಆಯಿತು, ಅವಳು ಟೆಂಪೋ ಹತ್ತಲು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಪಟ್ಟನೆ ಯಾರದೋ ಮನೆಯ ತೊಟ್ಟಿಲು ಬಂತು. ಕೂಸು, ಜೋಗುಳ ಹಾಡುವ ಹೆಂಗಸರು. ಆಕೆ ನನ್ನನ್ನು ಬಯ್ಯಲಿಲ್ಲ. ಅಪ್ಪ ಎಲ್ಲಾದರೂ ಬರಬಹುದೇನೋ ಎಂದು ಆ ಕೂಸಿನ ತೊಟ್ಟಿಲನ್ನೇ ಕೊನೆಯವರೆಗೂ ನೋಡುತ್ತ ಕುಳಿತಳು.

ಉಸ್ತಾದರು ನನ್ನನ್ನು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. "ಇವತ್ತಿನಿಂದ ನಿನ್ನ ಕೈ ಅಳಸೂದನ್ನ ಮರೀಬೇಕು" ಎಂದರು. ಮರೆತುಬಿಟ್ಟಿತು. ಅಂದಿನಿಂದ ನಾನು ಯಾರ ಮುಖವನ್ನೂ ಅಳಿಸಿಲ್ಲ.

ನಾನು ಆಸ್ಟ್ರೇಲಿಯಾಕ್ಕೆ ಬಂದದ್ದು ನನ್ನ ಹೆಂಡತಿಯ ಪುಣ್ಯದಿಂದ. ಪಾರ್ವತಿ ಬೆಳಗಾವಿಯಲ್ಲಿ ನರ್ಸ್ ಆಗಿದ್ದಳು. ಸಿಡ್ನಿಯ ಆಸ್ಪತ್ರೆಯೊಂದು ಅವಳನ್ನು ಕರೆಯಿತು. ಅವಳ ಹಿಂದೆ ನಾನು, ನಮ್ಮ ಹಿಂದೆ ಕಾಲೇಜು ಓದುವ ಮಗಳು ಸುಜಾತಾ. ಪಾರ್ವತಿಯ ರೇಷ್ಮೆ ಸೀರೆಗಳ ನಡುವೆ ಸುತ್ತಿಟ್ಟ ನನ್ನ ಕ್ಯಾಮೆರಾ. ಏರ್‌ಪೋರ್ಟಿನ ಅಧಿಕಾರಿ, ನೀನು ಏನು ಕೆಲಸ ಮಾಡುತ್ತೀ ಎಂದು ನನ್ನನ್ನು ಕೇಳಿದಾಗ ಪಾರ್ವತಿಯೇ ಉತ್ತರ ಕೊಟ್ಟಳು: "ಹಿ ಈಸ್ ಮ್ಯಾರೇಜ್ ಮ್ಯಾನ್." ಆತ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿ ಠಸ್ಸೆ ಹೊಡೆದ.

ಸಿಡ್ನಿಯ ಮೊದಲನೆಯ ಮದುವೆಯನ್ನು ನೆನೆದರೆ ಈಗಲೂ ನಗು. ಒಂದು ಸಬರ್ಬಿನ ಸಮುದಾಯ ಹಾಲ್. ಭಟ್ಟರು ಹೋಮಕ್ಕೆ ತುಪ್ಪ ಸುರಿದದ್ದೇ ತಡ, ಮಾಡಿಗೆ ಹಚ್ಚಿದ್ದ ಹೊಗೆ ಕಂಡುಹಿಡಿಯುವ ಯಂತ್ರ ಕೂಗಿಕೊಂಡಿತು. ಐದು ನಿಮಿಷದಲ್ಲಿ ಬೆಂಕಿ ಆರಿಸುವವರ ಕೆಂಪು ಗಾಡಿ ಬಾಗಿಲಲ್ಲಿ. ಟೊಪ್ಪಿಗೆ, ಬೂಟು ಹಾಕಿದ ಐದು ಜನ ಒಳಗೆ ನುಗ್ಗಿದರು. ಎಲ್ಲರೂ ಗಾಬರಿಯಾಗಿ ನಿಂತಿರುವಾಗ ನನ್ನ ಕೈ ಏನು ಮಾಡಿತು? ಐವರ ಮುಖವನ್ನೂ ಒಂದೊಂದಾಗಿ, ನಿಧಾನವಾಗಿ ತೆಗೆಯಿತು. ಆಮೇಲೆ ಅವರು ಲಾಡು ತಿಂದದ್ದನ್ನೂ ತೆಗೆದೆ. ಮದುಮಗನ ತಾಯಿ ವಿಡಿಯೋ ನೋಡಿ, "ಇವರು ಯಾರ ಕಡೀಯವ್ರು?" ಎಂದು ಕೇಳಿದಳಂತೆ. ಮದುಮಗ, "ಅಮ್ಮಾ, ಅವರು ಹೋಮದ ಕಡೀಯವ್ರು" ಎಂದನಂತೆ.

ಕೆಲವು ವರ್ಷದ ಮೇಲೆ ಪಾರ್ವತಿಗೆ ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ಕೆಲಸವಾಯಿತು. ಅಷ್ಟು ಹೊತ್ತಿಗೆ ಕ್ಯಾಮೆರಾ ಅಂಗೈಯಷ್ಟಾಗಿತ್ತು, ಟೇಪು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಶನಿವಾರ ಭಾನುವಾರ ಮದುವೆ, ಉಳಿದ ದಿನ ಡ್ಯಾಂಡಿನಾಂಗ್‌ನ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್. ಬೆಲ್ಟಿನ ಬಳಿ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ರೋಸಾ. ಇಟಲಿಯಿಂದ ಬಂದವರ ಮಗಳು, ಗಂಡ ಇಲ್ಲ, ಒಬ್ಬನೇ ಮಗ ಡ್ಯಾನಿಯಲ್. ನನ್ನ ಇಂಗ್ಲಿಷಿಗೆ ನಗದೆ ಉತ್ತರ ಕೊಟ್ಟ ಮೊದಲನೆಯವಳು ಆಕೆ.

ಒಂದು ವರ್ಷ ಚಳಿಗಾಲದಲ್ಲಿ ರೋಸಾ ಮಾತು ಕಡಿಮೆ ಮಾಡಿದಳು. ಡ್ಯಾನಿಯಲ್ ಅವಳ ಮಾತು ಮೀರಿ ಸೈನ್ಯ ಸೇರಿದ್ದ. ತಾಯಿ ಮಗ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಅವನ ತುಕಡಿಯನ್ನು ಮುಂದಿನ ವಾರ ಹೊರದೇಶದ ಕಾಳಗಕ್ಕೆ ಕಳಿಸುತ್ತಾರೆಂದು ಅವಳಿಗೆ ಬೇರೆಯವರಿಂದ ಗೊತ್ತಾಯಿತು. ಅಂಥ ತಾಯಂದಿರೇ ಮೂವತ್ತು ಜನ ಸೇರಿ, ಶನಿವಾರ ಬೆಳಿಗ್ಗೆ ಊರ ಹೊರಗಿನ ಸೈನ್ಯದ ಠಾಣೆಯ ಗೇಟಿನ ಮುಂದೆ ಸುಮ್ಮನೆ ನಿಲ್ಲುವುದೆಂದು ನಿಶ್ಚಯ ಮಾಡಿದ್ದರು. ಕೂಗುವುದಿಲ್ಲ, ಗದ್ದಲವಿಲ್ಲ. ಮಕ್ಕಳ ಹಳೆಯ ಬೂಟುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ನಿಲ್ಲುವುದು, ಅಷ್ಟೇ.

"ಶಿವಾ, ನಿನ್ನ ಹತ್ತಿರ ಕ್ಯಾಮೆರಾ ಇದೆಯಲ್ಲ, ಬಂದು ತೆಗೆದುಕೊಡುತ್ತೀಯಾ? ಟೀವಿಯವರು ಯಾರೂ ಬರುವುದಿಲ್ಲ. ನಾವು ನಿಂತಿದ್ದೆವು ಅನ್ನುವುದಕ್ಕೆ ಏನಾದರೂ ಉಳಿಯಲಿ" ಎಂದಳು.

ಇಲ್ಲ ಎನ್ನಲಾಗಲಿಲ್ಲ. ಆದರೆ ಮನೆಯಲ್ಲಿ ಹೇಳಲಿಲ್ಲ. ಕಾರಣ ನಮ್ಮ ಪಿಆರ್. ಈ ದೇಶದಲ್ಲಿ ಕಾಯಂ ಉಳಿಯಲು ಕೊಡುವ ಆ ಕಾಗದಕ್ಕೆ ಪಾರ್ವತಿ ಹಾಕಿದ್ದ ಅರ್ಜಿ ಕೊನೆಯ ಹಂತದಲ್ಲಿತ್ತು. ಮನೆಯವರ ಮೇಲೆ ಒಂದೂ ಪೊಲೀಸ್ ಕೇಸು ಇರಬಾರದು. ಆಕೆ ದಿನಾ ಬಾಗಿಲಲ್ಲಿ ನಿಂತು ನನಗೆ ಹೇಳಿ ಕಳಿಸುತ್ತಿದ್ದಳು: "ಟಿಕೆಟ್ ಇಲ್ಲದ ಟ್ರೇನ್ ಹತ್ತಬ್ಯಾಡ್ರಿ. ಕೆಂಪು ದೀಪಾ ದಾಟಬ್ಯಾಡ್ರಿ. ಪಿಆರ್ ಬರೂತನಕ ಜೋರಾಗಿ ಸೀನಲೂಬ್ಯಾಡ್ರಿ."

ಶನಿವಾರ ಹೋದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಮಿಂಚುತ್ತಿತ್ತು. ತಾಯಂದಿರು ಒಬ್ಬೊಬ್ಬರಾಗಿ ಬಂದು ಬೂಟು ಇಟ್ಟರು. ಫುಟ್‌ಬಾಲ್ ಬೂಟು, ಶಾಲೆಯ ಕರಿ ಬೂಟು, ಕೆಸರು ಮೆತ್ತಿದ ರಬ್ಬರಿನವು. ಎದುರಿಗೆ ಗೇಟು, ಗೇಟಿನಲ್ಲಿ ನಾಲ್ಕು ಸಿಪಾಯಿಗಳು. ಅವರಲ್ಲಿ ಕೊನೆಯವನನ್ನು ನೋಡಿ ರೋಸಾ ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು. ಡ್ಯಾನಿಯಲ್! ಅವನ ಪಾಳಿ ಆ ದಿನ ಅಲ್ಲೇ ಇರುತ್ತದೆಂದು ಆಕೆಗೂ ಗೊತ್ತಿರಲಿಲ್ಲ.

ಆಕೆ ಮುಂದೆ ಹೋಗಿ, ಅವನೆದುರಿಗೇ, ಹೊರಗಿನವರು ದಾಟಬಾರದೆಂದು ನೆಲಕ್ಕೆ ಎಳೆದಿದ್ದ ಬಿಳಿ ಗೆರೆಯ ಈಚೆ ಒಂದು ಜೋಡಿ ಇಟ್ಟಳು. ಆರು ವರ್ಷದ ಹುಡುಗನ ಕಂದು ಬೂಟು. ಅವನು ಕಲ್ಲಿನಂತೆ ದೂರ ನೋಡುತ್ತಿದ್ದ. ಆಕೆ ಕಾದಳು. ಅವನು ನೋಡಲಿಲ್ಲ. ತಿರುಗಿ, ತಲೆ ತಗ್ಗಿಸಿ ಸಾಲಿಗೆ ಬಂದಳು.

ನಾನು ತಾಯಂದಿರನ್ನು ಎಡದಿಂದ ಬಲಕ್ಕೆ ತೆಗೆದು ಮುಗಿಸಿದೆ. ಮೂವತ್ತು ಮುಖ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೈಗೆ ಗೊತ್ತಿದ್ದದ್ದು ಒಂದೇ: ಹೆಣ್ಣಿನ ಕಡೆ ಆಯಿತು, ಇನ್ನು ಗಂಡಿನ ಕಡೆ. ಹಿಮ್ಮಡಿಯ ಮೇಲೆ ತಿರುಗಿದೆ. ಗೇಟು ತೆಗೆದೆ. ಕಾವಲುಕಟ್ಟೆ ತೆಗೆದೆ. ಒಳಗೆ ಸಾಲಾಗಿ ನಿಂತ ಹಸಿರು ಗಾಡಿಗಳನ್ನು ತೆಗೆದೆ, ಅವುಗಳ ನಂಬರನ್ನೂ ಬಿಡಲಿಲ್ಲ. ಸಿಪಾಯಿಗಳನ್ನು ಒಬ್ಬೊಬ್ಬರಾಗಿ, ಮುಖ ತುಂಬ. ಡ್ಯಾನಿಯಲ್‌ನ ಹತ್ತಿರ ಬಂದಾಗ ಸ್ವಲ್ಪ ದೂರವಾಯಿತೆನ್ನಿಸಿ ಎರಡು ಹೆಜ್ಜೆ ಮುಂದಿಟ್ಟೆ. ಬಿಳಿ ಗೆರೆ ದಾಟಿದ್ದು ನನಗೆ ತಿಳಿಯಲೇ ಇಲ್ಲ.

ಯಾಕೆಂದರೆ ಅದೇ ಗಳಿಗೆ ಡ್ಯಾನಿಯಲ್ ಕಣ್ಣು ಕೆಳಗಿಳಿಸಿ ಆ ಪುಟ್ಟ ಬೂಟುಗಳನ್ನು ನೋಡಿದ. ತಾಯಿ ಸಾಲಿನಲ್ಲಿ ತಲೆ ತಗ್ಗಿಸಿ ನಿಂತ ಮೇಲೆ ನೋಡಿದ. ಕೆಳತುಟಿ ಕಚ್ಚಿಕೊಂಡ, ಅದು ನಿಲ್ಲಲಿಲ್ಲ, ಅದುರಿತು. ಆಕೆಗೆ ಅದು ಕಂಡಿರಲಿಲ್ಲ. ಅಲ್ಲಿದ್ದ ಯಾರಿಗೂ ಕಂಡಿರಲಿಲ್ಲ. ಕಂಡದ್ದು ನನ್ನ ಕ್ಯಾಮೆರಾಕ್ಕೆ ಮಾತ್ರ.

ಹೆಗಲ ಮೇಲೆ ಕೈ ಬಿತ್ತು. "ಸರ್, ಕ್ಯಾಮೆರಾ ಕೆಳಗಿಡಿ."

"ಒನ್ ಮಿನಿಟ್ ಸರ್, ಗ್ರೂಮ್ ಸೈಡ್ ನಾಟ್ ಫಿನಿಶ್" ಎಂದೆ.

ಇಬ್ಬರು ನನ್ನ ತೋಳು ಹಿಡಿದರು. ಮೂರನೆಯವನು ಕ್ಯಾಮೆರಾ ಕಿತ್ತುಕೊಂಡ. ನನಗೆ ಇಂಗ್ಲಿಷ್ ಪೂರ್ತಿ ಹಾರಿಹೋಯಿತು. "ಕ್ಯಾಮೆರಾ ಹುಷಾರ್ರೀ! ಅಯ್ಯೋ, ಕ್ಯಾಮೆರಾ ಹುಷಾರ!" ಎಂದು ಕೂಗುತ್ತ ಒಳಗೆ ಹೋದೆ.

ಕೂರಿಸಿದ್ದು ಗೇಟಿನ ಪಕ್ಕದ ಕೋಣೆಯಲ್ಲಿ. ಒಂದು ಮೇಜು, ಎರಡು ಕುರ್ಚಿ, ನೀರು ಕಾಯಿಸುವ ಕೆಟಲ್. ಬಾಗಿಲಲ್ಲಿ ಬಂದೂಕಿನವನು. ಎಷ್ಟೋ ಹೊತ್ತಿನ ಮೇಲೆ ಒಬ್ಬ ಹೆಣ್ಣುಮಗಳು ಬಂದಳು, ಕ್ಯಾಪ್ಟನ್. ನನ್ನ ಸುಜಾತಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಮಾತೂ ಹಾಗೇ. ಆಕೆ ಕೇಳಿದ್ದು ನನಗೆ ಅರ್ಧ ತಿಳಿಯಲಿಲ್ಲ, ನಾನು ಹೇಳಿದ್ದು ಆಕೆಗೆ ಪೂರ್ತಿ ತಿಳಿಯಲಿಲ್ಲ. ಕೊನೆಗೆ ಮನೆಗೆ ಫೋನ್ ಹಚ್ಚಿ, ಸುಜಾತಾಳ ಧ್ವನಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಪುಣ್ಯಕ್ಕೆ ಪಾರ್ವತಿ ಡ್ಯೂಟಿಯಲ್ಲಿದ್ದಳು.

"ಅಪ್ಪಾ, ಎಲ್ಲಿದ್ದಿ? ಮಿಲಿಟರಿಯವ್ರು ಯಾಕ ಫೋನ್ ಮಾಡ್ಯಾರ? ಇವರು ಕೇಳ್ಲಿಕತ್ತಾರ, ಗೇಟ್ ಯಾಕ ತಗದಿ ಅಂತ."

"ಮಂಟಪಾ ತಗಿಯೂದಿಲ್ಲೇನವ್ವಾ ಮದುವ್ಯಾಗ?"

"ಗಾಡಿ ನಂಬರ್ ಯಾಕ ತಗದಿ?"

"ಯಾರು ಯಾವ ಗಾಡ್ಯಾಗ ಬಂದ್ರು ಅಂತ ಆಮ್ಯಾಲೆ ಕೇಳ್ತಾರಲ್ಲ."

"ಅಪ್ಪಾ, ಇದು ಮದುವಿ ಅಲ್ಲ!"

"ನನಗ ಗೊತ್ತೈತಿ. ಕೈಗೆ ಗೊತ್ತಾಗ್ಲಿಲ್ಲ. ಆ ತಾಯಂದಿರು ಹೆಣ್ಣಿನ ಕಡೆ, ಇವರು ಗಂಡಿನ ಕಡೆ. ಒಂದ ಕಡೆ ತಗದ್ರ ಅನ್ಯಾಯ ಆಗ್ತದ ಅಂತ ಹೇಳು ಇವರಿಗೆ."

ಫೋನಿನಲ್ಲಿ ಸುಜಾತಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಮಗಳು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದಳು. ನನಗೆ ಬ್ರೈಡ್ಸ್ ಸೈಡ್, ಗ್ರೂಮ್ಸ್ ಸೈಡ್ ಎಂಬೆರಡು ಮಾತು ಕೇಳಿಸಿದವು. ಬಾಗಿಲಿನ ಬಂದೂಕಿನವನು ಮುಖ ಆ ಕಡೆ ತಿರುಗಿಸಿಕೊಂಡ. ಕ್ಯಾಪ್ಟನ್ ನಗಲಿಲ್ಲ.

ಆಕೆ ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ, ಇವತ್ತಿಗೂ ಹಾಗೇ ಅನ್ನುತ್ತೇನೆ. ತಾಯಂದಿರನ್ನು ತೆಗೆದದ್ದಕ್ಕೆ ತಕರಾರಿಲ್ಲ. ಆದರೆ ಮುಂದಿನ ವಾರ ಕಾಳಗಕ್ಕೆ ಹೋಗುವವರ ಮುಖ, ಗಾಡಿಯ ನಂಬರು ಹೊರಗೆ ಹೋಗಬಾರದು, ಅವರ ಜೀವಕ್ಕೆ ಅಪಾಯ. ಆದ್ದರಿಂದ ಎರಡೇ ದಾರಿ. ತನ್ನೆದುರಿಗೇ ಪೂರ್ತಿ ಟೇಪು ಅಳಿಸಿ, ಸಹಿ ಮಾಡಿ ಮನೆಗೆ ಹೋಗಬಹುದು. ಇಲ್ಲವಾದರೆ ಪೊಲೀಸರನ್ನು ಕರೆಯುತ್ತಾಳೆ, ಗೆರೆ ದಾಟಿದ ಕೇಸು ಆಗುತ್ತದೆ.

"ಅಪ್ಪಾ, ಅಳಿಸಿಬಿಡು" ಎಂದಳು ಸುಜಾತಾ. "ಲೆನ್ಸಿಗೆ ಮುಚ್ಚಳಾ ಹಾಕಿ ಒಂದು ಬಟನ್ ಒತ್ತೂದು, ಮ್ಯಾಲೆ ಬರೇ ಕಪ್ಪು ತುಂಬ್ತದ, ಅಷ್ಟ. ಕೇಸ್ ಆತಂದ್ರ ಪಿಆರ್ ಹೋಗ್ತದ. ಅಮ್ಮ ಎಷ್ಟು ವರ್ಷ ದುಡದಾಳ ನೆನಪೈತೋ ಇಲ್ಲೋ?"

ಕ್ಯಾಪ್ಟನ್ ಕ್ಯಾಮೆರಾವನ್ನು ನನ್ನ ಮುಂದೆ ತಳ್ಳಿದಳು. ನಾನು ಬೆರಳು ಬಟನ್ನಿನ ಮೇಲಿಟ್ಟೆ. ದೇವರಾಣೆ, ಒತ್ತಬೇಕೆಂದೇ ಇಟ್ಟೆ. ಪಾರ್ವತಿಯ ಬೆನ್ನುನೋವು ನೆನಪಾಯಿತು, ಅವಳು ಅರ್ಜಿಯ ಕಾಗದಗಳನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದು ನೆನಪಾಯಿತು. ಆದರೆ ಬೆರಳ ಕೆಳಗೆ ಆ ತೊಟ್ಟಿಲು ಬಂದುಬಿಟ್ಟಿತು. ಯಾರದೋ ಕೂಸಿನ ತೊಟ್ಟಿಲಿನಲ್ಲಿ ಅಪ್ಪನನ್ನು ಹುಡುಕುತ್ತ ಕುಳಿತ ಆ ಹುಡುಗಿ.

"ಆಗೂದಿಲ್ಲವ್ವಾ" ಎಂದೆ. "ಈ ಟೇಪು ಇವರ ಇಟ್ಗೊಳ್ಳಲಿ, ನನಗ ಬ್ಯಾಡ. ಅಳಸಬ್ಯಾಡ್ರಿ ಅನ್ನು, ಅಷ್ಟ. ಇದರಾಗ ಒಬ್ಬ ಸಿಪಾಯಿ ತನ್ನ ಸಣ್ಣಂದಿನ ಬೂಟು ನೋಡ್ಯಾನ. ಅವನ ತಾಯಿ ಹೊರಗದಾಳ. ಆಕಿ ಅದನ್ನ ನೋಡಿಲ್ಲ. ಮಗಾ ಹೊಂಟಾನ. ಒಮ್ಮೆ ಆಕಿಗೆ ತೋರಸ್ರಿ, ಆಮ್ಯಾಲೆ ಪೊಲೀಸರನ್ನ ಕರೀರಿ ಅನ್ನು."

ಸುಜಾತಾ ಮೂಗು ಎಳೆದದ್ದು ಕೇಳಿಸಿತು. ಆಮೇಲೆ ಒಂದು ಮಾತೂ ಬಿಡದೆ ಹೇಳಿದಳು. ನನ್ನ ಮಗಳು ಅವಳು.

ಕ್ಯಾಪ್ಟನ್ ಕ್ಯಾಮೆರಾದ ಪುಟ್ಟ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಟೇಪನ್ನು ಮೊದಲಿನಿಂದ ನೋಡಿದಳು. ಮೂವತ್ತು ತಾಯಂದಿರನ್ನು ನೋಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದಳು. ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡಿದಳು. ಎದ್ದು ಹೊರಗೆ ಹೋದಳು.

ಅರ್ಧ ಗಂಟೆಯಾಯಿತು. ಪೊಲೀಸರೇ ಬರುತ್ತಾರೆಂದು ಬಾಗಿಲನ್ನೇ ನೋಡುತ್ತಿದ್ದೆ. ಬಂದೂಕಿನವನು ಅದನ್ನು ನೋಡಿ ಚಹಾ ಮಾಡಿ ಕೊಟ್ಟ, ಮೂರು ಚಮಚ ಸಕ್ಕರೆ ಹಾಕಿ. ಜೊತೆಗೆ ಎರಡು ಬಿಸ್ಕತ್ತು. ನೋಡಿದರೆ ನಮ್ಮ ಫ್ಯಾಕ್ಟರಿಯದೇ! ಅವನಿಗೆ ಪೊಟ್ಟಣ ತೋರಿಸಿ, ನಂತರ ನನ್ನ ಎದೆ ತೋರಿಸಿ, "ಐ ಪ್ಯಾಕ್" ಎಂದೆ. ಅವನು ಇನ್ನೆರಡು ಕೊಟ್ಟ. ಆ ಹುಡುಗ ಎಲ್ಲೇ ಇರಲಿ, ತಣ್ಣಗಿರಲಿ.

ಬಾಗಿಲು ತೆರೆಯಿತು. ಕ್ಯಾಪ್ಟನ್‌ನ ಹಿಂದೆ ಬಂದವಳು ರೋಸಾ.

"ಇಲ್ಲಿ ಮಾತ್ರ. ಒಂದೇ ಸಲ" ಎಂದಳು ಕ್ಯಾಪ್ಟನ್. ಹಾಗೆಂದು ಕಿಟಕಿಯ ಬಳಿ ಹೋಗಿ, ನಮಗೆ ಬೆನ್ನು ಮಾಡಿ ಹೊರಗೆ ನೋಡುತ್ತ ನಿಂತಳು.

ನಾನು ಹಚ್ಚಿದೆ. ಮಗ ಕಣ್ಣು ಕೆಳಗಿಳಿಸಿದಾಗ ರೋಸಾ ಪರದೆಯ ಮೇಲೆ, ಅವನ ಕೆನ್ನೆ ಇದ್ದಲ್ಲಿ ಬೆರಳಿಟ್ಟಳು. ಮುಗಿಯಿತು. ಆಕೆ ನನ್ನನ್ನು ನೋಡಿದಳು. ನಾನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದೆ. ಆಮೇಲೆ ಇನ್ನೊಮ್ಮೆ. ಯಂತ್ರ ಪ್ರತಿ ಸಲವೂ ಕಿರ್ರೆಂದು ಸದ್ದು ಮಾಡುತ್ತಿತ್ತು, ಕ್ಯಾಪ್ಟನ್‌ಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. ಆಕೆ ಕಿಟಕಿ ಬಿಟ್ಟು ತಿರುಗಲಿಲ್ಲ. ಅವಳಿಗೆ ನಾನು ದಿನಾ ಕೈಮುಗಿಯುತ್ತೇನೆ, ಹೆಸರು ಗೊತ್ತಿಲ್ಲದಿದ್ದರೂ.

ಪೊಲೀಸರು ಬರಲಿಲ್ಲ. ಟೇಪನ್ನು ಲಕೋಟೆಯಲ್ಲಿ ಹಾಕಿ, ನನ್ನ ವಿಳಾಸ ಬರೆಸಿಕೊಂಡು, ಒಂದು ಚೀಟಿಯನ್ನೂ ಖಾಲಿ ಕ್ಯಾಮೆರಾವನ್ನೂ ಕೊಟ್ಟರು. ಫೋನಿನಲ್ಲಿ ಇನ್ನೂ ಕಾಯುತ್ತಿದ್ದ ಸುಜಾತಾಳಿಗೆ ಕ್ಯಾಪ್ಟನ್ ಏನೋ ಹೇಳಿದಳು. "ಇನ್ನ ಮ್ಯಾಲೆ ಬರೇ ಮದುವಿಗೆ ಹೋಗ್ರಿ ಅಂತ ಹೇಳ್ಯಾರಪ್ಪಾ" ಎಂದಳು ಮಗಳು.

ಹೊರಗೆ ಬಂದೆ. ಸಂಜೆ ನಾಲ್ಕು ಗಂಟೆಯಾಗಿತ್ತು. ಆ ತಾಯಂದಿರು ಒಬ್ಬರೂ ಮನೆಗೆ ಹೋಗಿರಲಿಲ್ಲ. ನನ್ನ ಚೀಲ, ಚಪಾತಿಯ ಡಬ್ಬಿ ನಡುವೆ ಇಟ್ಟುಕೊಂಡು ಹುಲ್ಲಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ಚಪ್ಪಾಳೆ ತಟ್ಟಿದರು, ಮೊದಲನೆಯ ಸಲ ಅವರು ಸದ್ದು ಮಾಡಿದ್ದು. ಅಷ್ಟರಲ್ಲಿ ಪಾಳಿ ಮುಗಿದ ಡ್ಯಾನಿಯಲ್ ಒಳಗಿನಿಂದ ತಂತಿಬೇಲಿಯ ಹತ್ತಿರ ಬಂದು ನಿಂತ. ರೋಸಾ ಆ ಕಡೆ ನಡೆದಳು. ಚೀಲದಲ್ಲಿ ನನ್ನ ಇನ್ನೊಂದು ಖಾಲಿ ಟೇಪು ಇತ್ತು. ಹಾಕಲಿಲ್ಲ. ಅವರಿಬ್ಬರಿಗೂ ಬೆನ್ನು ಮಾಡಿ ನಿಂತೆ, ಕಿಟಕಿಯಲ್ಲಿ ಕ್ಯಾಪ್ಟನ್ ನಿಂತಂತೆ.

ಪಾರ್ವತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾಟು ಇಟ್ಟು ಕೇಳಿದಳು, "ಆ ತಾಯಿ ನೋಡಿದ್ಲೇನು?"

"ನೋಡಿದ್ಲು. ಮೂರು ಸಲ."

"ಹಂಗಾರ ಊಟಾ ಮಾಡ್ರಿ" ಎಂದಳು.

ಎಂಟು ತಿಂಗಳಲ್ಲಿ ಪಿಆರ್ ಬಂತು. ಒಂದೂವರೆ ವರ್ಷದ ಮೇಲೆ ಪೋಸ್ಟಿನಲ್ಲಿ ಒಂದು ದಪ್ಪ ಲಕೋಟೆ ಬಂತು, ಒಳಗೆ ಟೇಪು. ಕಾಗದವಿರಲಿಲ್ಲ. ಡ್ಯಾನಿಯಲ್‌ನ ತುಕಡಿ ಮರಳಿ ಬಂದು ಹದಿನೈದು ದಿನವಾಗಿತ್ತು, ಅವನೂ ಸುಖವಾಗಿ ಬಂದಿದ್ದ. ನಾನು ಟೇಪನ್ನು ನೋಡದೆ ಹಾಗೇ ರೋಸಾಳಿಗೆ ಕೊಟ್ಟೆ. ಅದು ಅವಳದು.

ಮಕ್ಕಳೇ, ಈಗ ಟೇಪು ಇಲ್ಲ, ಎಲ್ಲ ಮೆಮೊರಿ ಚಿಪ್ಪಿನಲ್ಲಿ. ಎಷ್ಟು ಬೇಕಾದರೂ ತೆಗೆಯಬಹುದು. ಅಳಿಸುವುದೂ ಅಷ್ಟೇ ಸುಲಭ, ಹೆಬ್ಬೆರಳು ಸವರಿದರೆ ಸಾಕು. ಆ ಹೆಬ್ಬೆರಳನ್ನು ಕಾಯ್ದುಕೊಳ್ಳಿ. ಗೆರೆ ಎಲ್ಲಿದೆ ಎಂದು ಮೊದಲು ನೆಲ ನೋಡಿ, ಆಮೇಲೆ ಕಣ್ಣಿಗೆ ಕ್ಯಾಮೆರಾ ಹಚ್ಚಿ. ನಿಮ್ಮನ್ನು ಯಾರಾದರೂ ಹಿಡಿದರೆ ಸಿಟ್ಟಾಗಬೇಡಿ. ಹಿಡಿದವರಿಗೂ ಒಂದು ಮುಖವಿರುತ್ತದೆ. ಮತ್ತೆ, ಲೆನ್ಸು ಒರೆಸಿಕೊಳ್ಳಿ. ಅದೂ ಮುಖ್ಯ.

ಬರೆಯುವುದು ಇನ್ನೊಂದೇ ಉಳಿದಿದೆ. ಇಷ್ಟೆಲ್ಲ ಉಬ್ಬಿಹೋಗಿರುವುದು ಅದಕ್ಕೇ.

ಹೋದ ತಿಂಗಳು ರೋಸಾ ಫೋನ್ ಮಾಡಿದಳು. ಈಗ ಎಂಬತ್ತರ ಹತ್ತಿರ. ಟೇಪು ಹಾಕುವ ಯಂತ್ರ ಕೆಟ್ಟಿದೆ, ಟೇಪನ್ನು ಮೊಬೈಲಿಗೆ ಹಾಕಿಕೊಡುತ್ತೀಯಾ ಎಂದಳು. ಇಂಚರ ಡ್ಯಾಂಡಿನಾಂಗಿಗೆ ಹೋಗಿ ತಂದಳು. ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದವಳು ಕೋಣೆಯಿಂದಲೇ ಕೂಗಿದಳು, "ಅಜ್ಜಾ! ಕಮ್ ಹಿಯರ್! ನೌ!"

ರೋಸಾ ಇಷ್ಟು ವರ್ಷವೂ ಮಗನ ಮುಖ ಬಂದೊಡನೆ ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತಿದ್ದಳಂತೆ. ಅದರಾಚೆ ಏನಿದೆಯೆಂದು ಆಕೆ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆ ಸಿಪಾಯಿ ಕ್ಯಾಮೆರಾ ಕಿತ್ತುಕೊಂಡನಲ್ಲ, ಅದನ್ನು ನಿಲ್ಲಿಸಲು ಅವನಿಗೆ ತಿಳಿದಿರಲಿಲ್ಲ. ಟೇಪು ಓಡುತ್ತಲೇ ಇತ್ತು! ಮೊದಲು ಆಕಾಶ, ಆಮೇಲೆ ಅವನ ಬೂಟು. ಆಮೇಲೆ ಕ್ಯಾಮೆರಾ ನನ್ನ ಕಡೆ ತಿರುಗಿತು.

ಸಾವಿರಾರು ಟೇಪು ತೆಗೆದಿದ್ದೇನೆ, ಒಂದರಲ್ಲೂ ನಾನಿಲ್ಲ. ಹಬೀಬ್ ಉಸ್ತಾದರೂ ತಾವು ತೆಗೆದ ಒಂದರಲ್ಲೂ ಇಲ್ಲ. ಇದರಲ್ಲಿ ನಾನಿದ್ದೆ. ಮಂಗನ ಟೊಪ್ಪಿಗೆ, ಕರಿ ಮೀಸೆ, ತೆಳ್ಳಗಿನ ಮುಖ. "ಕ್ಯಾಮೆರಾ ಹುಷಾರ್ರೀ" ಎಂದು ಕೂಗುತ್ತಿದ್ದೆ. ಇಂಚರ ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಅಜ್ಜಾ, ಲುಕ್ ಬಿಹೈಂಡ್ ಯೂ" ಎಂದು ಚಿತ್ರ ನಿಲ್ಲಿಸಿದಳು.

ನನ್ನ ಹಿಂದೆ ತಾಯಂದಿರ 'ಹೆಣ್ಣಿನ ಕಡೆ'. ನಾನು ಬೆನ್ನು ಹಾಕಿ ಹೋಗಿದ್ದರಿಂದ ನನಗೆ ಕಂಡೇ ಇರಲಿಲ್ಲ. ಮೂವತ್ತು ಜನವೂ ತಮ್ಮ ಮಕ್ಕಳ ಬೂಟುಗಳನ್ನು ದಾಟಿ, ಬಿಳಿ ಗೆರೆಯನ್ನು ದಾಟಿ ಒಂದೊಂದು ಹೆಜ್ಜೆ ಮುಂದೆ ಬಂದಿದ್ದರು. ರೋಸಾ ಎಲ್ಲರಿಗಿಂತ ಮುಂದೆ, ನನ್ನ ಕಡೆ ಕೈ ಚಾಚಿ. ಒಬ್ಬರ ಮುಖವೂ ಬಿಟ್ಟುಹೋಗಿರಲಿಲ್ಲ.

"ಅಜ್ಜಾ, ಇಟ್ಸ್ ಸೋ ಗುಡ್. ಹೂ ಶಾಟ್ ದಿಸ್?"

"ಗಂಡಿನ ಕಡೆಯವರು, ಕೂಸಾ" ಎಂದೆ.